ಪಕ್ಕದ ಮನೆ ಜಪಾನಿ ಅಜ್ಜನಿಗೆ ಜಪಾನಿ ಬರಲ್ಲ! ಯಾಕೆ?

ಸೋಮು_ಸ್ಯಾನ್‌ಹೊಸೆ · ಭಾನುವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಹೋದ ವಾರ ನಡೆದದ್ದು, ಯಾರಿಗಾದರೂ ಹೇಳಲೇಬೇಕು ಅನ್ನಿಸಿತು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಹೊಸ ಮನೆಗೆ ಬಂದು ಆರು ತಿಂಗಳಾಯಿತು. ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಜಪಾನಿ ಅಜ್ಜ ಒಬ್ಬರೇ ಇದ್ದಾರೆ. ಬೇಲಿಯ ಆಚೆ ಅವರ ಏಪ್ರಿಕಾಟ್ ಮರ, ಈಚೆ ಅದರ ಕಸ. ನಾನು ಹಿಂದೆ ಎರಡು ವರ್ಷ ಟೋಕಿಯೋದಲ್ಲಿ ಕೆಲಸ ಮಾಡಿದ್ದೆ. ಅಲ್ಪಸ್ವಲ್ಪ ಜಪಾನಿ ಬರುತ್ತೆ, ಆ ಬಗ್ಗೆ ಸ್ವಲ್ಪ ಜಂಭಾನೂ ಇದೆ ಅನ್ನಿ. ಒಂದು ಬೆಳಿಗ್ಗೆ ಸೊಂಟ ಬಗ್ಗಿಸಿ, ಜಪಾನಿಯಲ್ಲಿ ಅಚ್ಚುಕಟ್ಟಾಗಿ ನಮಸ್ಕಾರ ಹೇಳಿ, ಬಿಸಿಲಿನ ಬಗ್ಗೆ ಎರಡು ಮಾತು ಬಿಟ್ಟೆ. ಅಜ್ಜ ನೀರಿನ ಪೈಪು ಹಿಡಿದುಕೊಂಡೇ ನನ್ನ ಮುಖ ನೋಡಿದರು. ಆಮೇಲೆ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು: "ನಾನು ಸ್ಕೂಲಲ್ಲಿ ತಗೊಂಡಿದ್ದು ಸ್ಪ್ಯಾನಿಷ್, ಮಾರಾಯ."

ಅವರು ಹುಟ್ಟಿದ್ದು ಇಲ್ಲೇ. ಅವರ ಅಪ್ಪ ಅಮ್ಮ ಹುಟ್ಟಿದ್ದೂ ಇಲ್ಲೇ. ಮಕ್ಕಳಿಗೆ ಗೊತ್ತಾಗಬಾರದ ವಿಷಯ ಇದ್ದಾಗ ಮಾತ್ರ ಅಪ್ಪ ಅಮ್ಮ ಜಪಾನಿ ಮಾತಾಡುತ್ತಿದ್ದರಂತೆ. ಮನೆಗೆ ಯಾರಾದರೂ ಹಳೆಯ ಪರಿಚಯದವರು ಬಂದರೆ ಮೊದಲ ಪ್ರಶ್ನೆ ಒಂದೇ: "ನೀವು ಯಾವ ಕ್ಯಾಂಪು?" ಇವರು ಹೈಸ್ಕೂಲಿಗೆ ಹೋಗೋವರೆಗೂ ಅದು ಬೇಸಿಗೆ ರಜೆಯ ಕ್ಯಾಂಪ್ ಅಂದುಕೊಂಡಿದ್ದರಂತೆ. ಎಲ್ಲರೂ ಹೋಗಿದ್ದಾರೆ, ನಮ್ಮನ್ನು ಮಾತ್ರ ಯಾಕೆ ಕಳಿಸ್ತಿಲ್ಲ ಅಂತ ಬೇಜಾರೂ ಮಾಡಿಕೊಂಡಿದ್ದರಂತೆ!

ನನಗೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಮಗಳಿಗೆ ಏಳು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾಳೆ. ಇದೂ ಅದೇ ಕಥೆಯಾ? ಅಥವಾ ಅವರದ್ದು ಬೇರೆಯಾ? ತಿಳಿದವರು ಹೇಳಿ.

ಅರಳೀಕಟ್ಟೆ · ಭಾನುವಾರ, ಬೆಳಿಗ್ಗೆ 9:35

ಬೇರೆ, ಸೋಮು. ಬಹಳ ಬೇರೆ.

ಮೊದಲು ಅವರ ಲೆಕ್ಕ ಹೇಳ್ತೀನಿ. ಜಪಾನಿನಿಂದ ಬಂದವರು ಇಸ್ಸೇ. ಅವರ ಮಕ್ಕಳು ನಿಸೇ. ಮೊಮ್ಮಕ್ಕಳು ಸಾನ್ಸೇ. ಮರಿಮಕ್ಕಳು ಯೋನ್ಸೇ. ಒಂದು, ಎರಡು, ಮೂರು, ನಾಲ್ಕು ಅಂತ ತಲೆಮಾರು ಎಣಿಸೋದು, ಅಷ್ಟೇ. ನಿಮ್ಮ ಅಜ್ಜ ಸಾನ್ಸೇ. ಇಲ್ಲಿ ಹುಟ್ಟಿ, ಓದಲು ಜಪಾನಿಗೆ ಹೋಗಿ ಮರಳಿ ಬಂದ ನಿಸೇಗಳಿಗೆ ಕಿಬೇ ಅಂತ ಇನ್ನೊಂದು ಹೆಸರು.

ಕ್ಯಾಂಪ್ ಅಂದರೆ ಮುಳ್ಳುತಂತಿಯ ಕ್ಯಾಂಪ್. 1941ರ ಡಿಸೆಂಬರ್ 7ಕ್ಕೆ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. 1942ರ ಫೆಬ್ರವರಿ 19ಕ್ಕೆ ಅಧ್ಯಕ್ಷ ರೂಸ್ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಹತ್ತು ಕ್ಯಾಂಪುಗಳಿಗೆ ತುಂಬಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊರುವಷ್ಟೇ ಸಾಮಾನು. ಮನೆಗೊಂದು ನಂಬರ್. ಆ ನಂಬರಿನ ಚೀಟಿ ಪೆಟ್ಟಿಗೆಗೂ ಕಟ್ಟಬೇಕು, ಮಗುವಿನ ಕೋಟಿಗೂ ಕಟ್ಟಬೇಕು.

ನಿಮ್ಮ ಊರಿನವರನ್ನು ಮೊದಲು ಲಾಸ್ ಏಂಜಲೀಸ್ ಹತ್ತಿರದ ಸಾಂಟಾ ಅನೀಟಾ ರೇಸ್‌ಕೋರ್ಸಿಗೆ ಕರೆದೊಯ್ದರು. ಅಲ್ಲಿ ಎಷ್ಟೋ ಸಂಸಾರಗಳು ಇದ್ದದ್ದು ಕುದುರೆ ಲಾಯದಲ್ಲಿ. ಗೋಡೆಗೆ ಸುಣ್ಣ ಬಳಿದಿದ್ದರು, ಲದ್ದಿಯ ವಾಸನೆ ಹೋಗಿರಲಿಲ್ಲ. ಅಲ್ಲಿಂದ ವಯೋಮಿಂಗ್‌ನ ಹಾರ್ಟ್ ಮೌಂಟನ್. ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಹಣ್ಣು ಬೆಳೆದವರು ಹಿಮದ ನಾಡಿನಲ್ಲಿ ಟಾರು ಕಾಗದ ಹೊದಿಸಿದ ಹಲಗೆ ಮನೆಗಳಲ್ಲಿ ಕೂತರು.

ನೀವು ಕೇಳಿದ ಭಾಷೆಯ ವಿಷಯಕ್ಕೆ ಬರ್ತೀನಿ. ದಾಳಿಯಾದ ದಿನವೇ ಎಫ್‌ಬಿಐನವರು ಇಸ್ಸೇ ಗಂಡಸರನ್ನು ಹಿಡಿಯಲು ಶುರು ಮಾಡಿದರು. ಜಪಾನಿ ಪಾಠಶಾಲೆಯ ಮೇಷ್ಟ್ರು, ಬೌದ್ಧ ಪುರೋಹಿತರು, ಪತ್ರಿಕೆಯವರು, ಸಂಘದ ಪದಾಧಿಕಾರಿಗಳು. ಅಂದರೆ ಊರಿಗೆ ಭಾಷೆ ಕಲಿಸುವವರೇ ಮೊದಲು ಹೋದರು. ಉಳಿದವರು ಹೆದರಿ ಮನೆಯಲ್ಲಿದ್ದ ಜಪಾನಿ ಪುಸ್ತಕ, ಊರಿಂದ ಬಂದ ಕಾಗದ, ಹೆಣ್ಣುಮಕ್ಕಳ ಹಬ್ಬದ ಬೊಂಬೆ, ಕಿಮೋನೋ, ಎಲ್ಲವನ್ನೂ ಒಲೆಗೆ ಹಾಕಿದರು, ಹಿತ್ತಲಲ್ಲಿ ಹೂತರು. ನಮ್ಮ ದಸರಾ ಬೊಂಬೆಗಳನ್ನು ನಾವೇ ಬೆಂಕಿಗೆ ಹಾಕಿದ ಹಾಗೆ. ಆ ಒಲೆಯ ಮುಂದೆ ನಿಂತು ನೋಡಿದ ಮಗು, ದೊಡ್ಡವಳಾದ ಮೇಲೆ ತನ್ನ ಮಗನಿಗೆ ಜಪಾನಿ ಕಲಿಸುತ್ತಾಳಾ?

ತಲೆಹರಟೆ · ಭಾನುವಾರ, ಬೆಳಿಗ್ಗೆ 10:20

ಕ್ಯಾಂಪ್ ಅಂದ ಕೂಡಲೇ ನನಗೆ ಬೈಲಕುಪ್ಪೆ ನೆನಪಾಯಿತು. ಸಿಂಧನೂರು ಕಡೆಯವರಿಗೆ ಆಂಧ್ರದವರ ಕ್ಯಾಂಪ್ ನೆನಪಾಗುತ್ತೆ. ಇರಲಿ.

ಒಂದು ತಕರಾರು. ಇದನ್ನು ತೀರಾ ದುಃಖದ ಕಥೆ ಮಾಡ್ತಿದ್ದೀರಿ. ಅಮೆರಿಕಕ್ಕೆ ಬಂದ ಜರ್ಮನರು, ಇಟಲಿಯವರು, ನಾರ್ವೆಯವರು, ಎಲ್ಲರದ್ದೂ ಮೂರನೇ ತಲೆಮಾರಿಗೆ ಭಾಷೆ ಹೋಗಿದೆ. ಯಾರೂ ಒಲೆಗೆ ಹಾಕಲಿಲ್ಲ, ತಾನಾಗಿ ಹೋಯಿತು. ಜಪಾನಿಗಳು ಓದಿ, ದುಡಿದು, ಮೇಲೆ ಬಂದರು. ಬೆರೆತು ಬಾಳಿದರು. ಬೆರೆಯೋದು ತಪ್ಪಾ?

ಅರಳೀಕಟ್ಟೆ · ಭಾನುವಾರ, ಬೆಳಿಗ್ಗೆ 11:05

ಬೆರೆಯೋದು ತಪ್ಪಲ್ಲ. ಆದರೆ ಬೆರೆಯಲು ಬಂದವರಿಗೆ ಬಾಗಿಲು ಹಾಕಿದರಲ್ಲ, ಅದನ್ನು ಮರೆತಿರಿ. (ಜರ್ಮನ್ ಕೂಡ ಪೂರ್ತಿ ತಾನಾಗಿ ಹೋಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಕಡೆ ಶಾಲೆಯಿಂದ ಅದನ್ನು ತೆಗೆದು ಹಾಕಿದರು.)

ತಾಕಾವೊ ಒಜಾವಾ ಅಂತ ಒಬ್ಬ ಇಸ್ಸೇ ಇದ್ದರು, ಅಮೆರಿಕದ ಪೌರತ್ವ ಕೇಳಿ ಕೋರ್ಟಿಗೆ ಹೋದವರು. ಬರ್ಕ್ಲಿಯಲ್ಲಿ ಹೈಸ್ಕೂಲು, ಅಲ್ಲೇ ಕಾಲೇಜು, ಆಮೇಲೆ ಹವಾಯಿಯಲ್ಲಿ ಕೆಲಸ. ಮನೆಯಲ್ಲಿ ಇಂಗ್ಲಿಷೇ ಮಾತು. ಮಕ್ಕಳಿಗೆ ಅಮೆರಿಕನ್ ಶಾಲೆ, ಅಮೆರಿಕನ್ ಚರ್ಚು. ಜಪಾನಿ ಸಂಘಗಳ ಸಹವಾಸವೇ ಇಲ್ಲ. ತಲೆಹರಟೆಯವರೇ, ನೀವು ಹೇಳುವ ಬೆರೆತು ಬಾಳುವುದಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಸಿಗಲ್ಲ. 1922ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು: ನಡತೆ ಚೆನ್ನಾಗಿದೆ, ಎಲ್ಲಾ ಸರಿ, ಆದರೆ ನೀನು ಬಿಳಿಯನಲ್ಲ, ಕಾಕೇಷಿಯನ್ ಅಲ್ಲ. ಪೌರತ್ವ ಇಲ್ಲ.

ಇಲ್ಲಿ ನಮ್ಮವರೊಬ್ಬರು ಬರ್ತಾರೆ. ಪಂಜಾಬಿನ ಭಗತ್ ಸಿಂಗ್ ಥಿಂಡ್, ಅಮೆರಿಕದ ಸೇನೆಯಲ್ಲಿ ಇದ್ದವರು. ವಿಜ್ಞಾನದ ಪ್ರಕಾರ ನಾನು ಕಾಕೇಷಿಯನ್, ಒಜಾವಾಗೆ ಇಲ್ಲದ್ದು ನನಗಿದೆ ಅಂತ ಅವರ ವಾದ. ಮೂರು ತಿಂಗಳಲ್ಲೇ ಅದೇ ಕೋರ್ಟು, ಅದೇ ನ್ಯಾಯಮೂರ್ತಿ ಸದರ್ಲೆಂಡ್ ಬರೆದ ತೀರ್ಪು. ವಿಜ್ಞಾನ ಏನಾದರೂ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯನಲ್ಲ, ಹೋಗು. ದಿನಾಂಕ 1923ರ ಫೆಬ್ರವರಿ 19. ಸರಿಯಾಗಿ 19 ವರ್ಷ ಆದಮೇಲೆ ಅದೇ ತಾರೀಖಿಗೆ 9066. ಕಾಕತಾಳೀಯ ಅಷ್ಟೇ, ಆದರೂ ಗಮನಿಸಿದಾಗ ಮೈ ಜುಮ್ಮೆಂದಿತು.

ಇಸ್ಸೇಗಳಿಗೆ ಪೌರರಾಗುವ ಹಕ್ಕು ಸಿಕ್ಕಿದ್ದು 1952ರಲ್ಲಿ. ಅಷ್ಟರಲ್ಲಿ ಮುದುಕರಾಗಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1913ರಿಂದ ಅವರ ಹೆಸರಿಗೆ ಜಮೀನು ಕೊಳ್ಳುವ ಹಾಗೂ ಇರಲಿಲ್ಲ. ಇಲ್ಲಿ ಹುಟ್ಟಿದ ಎಳೆ ಮಗುವಿನ ಹೆಸರಿಗೆ ಪತ್ರ ಮಾಡಿಸುತ್ತಿದ್ದರು. ನಿಸೇ ಅಂದರೆ ತೊಟ್ಟಿಲಲ್ಲೇ ಅಪ್ಪನ ಜಮೀನಿಗೆ ಯಜಮಾನ!

ಗೀತಾ_ಚಿಕಾಗೋ · ಭಾನುವಾರ, ಮಧ್ಯಾಹ್ನ 1:15

ಕ್ಯಾಂಪಿನಿಂದ ಹೊರಗೆ ಬಂದ ಮೇಲಿನ ಕಥೆ ನಾನು ಹೇಳ್ತೀನಿ. ಇದು ನಮ್ಮ ಊರಿನದ್ದು.

ಯುದ್ಧಕ್ಕೆ ಮೊದಲು ಚಿಕಾಗೋದಲ್ಲಿ ಇದ್ದ ಜಪಾನಿಗಳು ನಾಲ್ಕು ನೂರರ ಹತ್ತಿರ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 20,000. ಯಾಕೆ ಗೊತ್ತಾ? ಕರಾವಳಿಗೆ ಹೋಗುವ ಹಾಗಿರಲಿಲ್ಲ. ಪೂರ್ವಕ್ಕೆ ಹೋಗುವುದಾದರೆ, ಕೆಲಸ ಸಿಕ್ಕಿದರೆ, ಕ್ಯಾಂಪಿನಿಂದ ಬಿಡ್ತೀವಿ ಅಂತ 1943ರಿಂದ ಸರ್ಕಾರವೇ ಕಳಿಸುತ್ತಿತ್ತು. ಜೊತೆಗೆ ಬುದ್ಧಿಮಾತು. ಒಂದೇ ಬೀದಿಯಲ್ಲಿ ಸೇರಿಕೊಳ್ಳಬೇಡಿ. ಗುಂಪಾಗಿ ಓಡಾಡಬೇಡಿ. ಹೊರಗೆ ಜಪಾನಿ ಮಾತಾಡಬೇಡಿ. ಕಣ್ಣಿಗೆ ಬೀಳಬೇಡಿ.

ಇಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ಸಾನ್ಸೇ. ಅವರಮ್ಮ ಸತ್ತ ಮೇಲೆ ಬೀರುವಿನಲ್ಲಿ ಒಂದು ಚಿಕ್ಕ ಹಕ್ಕಿ ಸಿಕ್ಕಿತಂತೆ. ಮರದ ತುಂಡಿನಲ್ಲಿ ಕೆತ್ತಿ ಬಣ್ಣ ಹಚ್ಚಿದ, ಎದೆಗೆ ಸಿಕ್ಕಿಸಿಕೊಳ್ಳುವ ಪಿನ್ನು. ಕ್ಯಾಂಪುಗಳಲ್ಲಿ ಹೊತ್ತು ಹೋಗದೆ ಜನ ಇಂಥವನ್ನು ಮಾಡುತ್ತಿದ್ದರು. ಹಕ್ಕಿಯ ಕಾಲು ಅಂದರೆ ಕಿಟಕಿ ಜಾಲರಿಯಿಂದ ಕತ್ತರಿಸಿದ ತಂತಿ. ನನ್ನ ಅಂಗೈ ಮೇಲೆ ಇಟ್ಟು ತೋರಿಸಿದಳು. ಎಳ್ಳಿನಷ್ಟು ಕಣ್ಣು, ಅದಕ್ಕೊಂದು ಬಿಳಿ ಚುಕ್ಕೆ. ಯಾರು ಮಾಡಿದ್ದು, ಯಾರು ಕೊಟ್ಟದ್ದು, ಅಮ್ಮ ಯಾಕೆ ಒಂದು ದಿನವೂ ಹಾಕಿಕೊಳ್ಳಲಿಲ್ಲ, ಯಾವುದೂ ಗೊತ್ತಿಲ್ಲ. ಕೇಳೋಕೆ ಅಮ್ಮ ಇಲ್ಲ.

ಯೊಕೊಹಾಮಾ_ವಾಸಿ · ಭಾನುವಾರ, ಸಂಜೆ 6:40

ಈ ಕಡೆಯಿಂದ ಒಂದು ಮಾತು. ಜಪಾನಿನಲ್ಲಿ ಅವರ ಪಾಡು ಇನ್ನೂ ಫಜೀತಿ. ನನ್ನ ಮುಖ ನೋಡಿದ ಕೂಡಲೇ ಇಲ್ಲಿಯವರು ಮೆಲ್ಲಗೆ, ಬಿಡಿಸಿ ಮಾತಾಡ್ತಾರೆ. ನಾನು ಎರಡು ಪದ ಹೇಳಿದರೆ ಆಹಾ ಅಂತ ಹೊಗಳ್ತಾರೆ. ಅದೇ ಜಪಾನಿ ಮುಖದ ಅಮೆರಿಕನ್ ಬಂದು ತಡವರಿಸಿದರೆ, ಪಾಪ, ಇವನಿಗೇನಾಗಿದೆ ಅನ್ನೋ ಹಾಗೆ ನೋಡ್ತಾರೆ.

ಇನ್ನೊಂದು ತಮಾಷೆ. ಅವರಲ್ಲಿ ಉಳಿದಿರುವ ನಾಲ್ಕಾರು ಪದಗಳು ಮುತ್ತಜ್ಜನ ಹಳ್ಳಿಯವು. ಹಿರೋಶಿಮಾ, ಕುಮಾಮೊಟೊ, ವಾಕಯಾಮಾ ಕಡೆಯ ರೈತರು ನೂರು ವರ್ಷದ ಹಿಂದೆ ಹಡಗಿನಲ್ಲಿ ಒಯ್ದದ್ದು. ಒಬ್ಬ ಅಮೆರಿಕನ್ ಸ್ನೇಹಿತ ದೊಡ್ಡ ಹೋಟೆಲಿನಲ್ಲಿ ಗಂಭೀರವಾಗಿ "ಬೆಂಜೋ ಎಲ್ಲಿದೆ?" ಅಂತ ಕೇಳಿದ. ಅವನ ಅಜ್ಜಿ ಕಲಿಸಿದ ಪದ. ಇಲ್ಲಿ ಈಗ ಯಾರೂ ಹಾಗನ್ನಲ್ಲ. ಐದು ನಕ್ಷತ್ರದ ಹೋಟೆಲಿನಲ್ಲಿ ನಿಂತು "ಕಕ್ಕಸು ಯಾವ ಕಡೆ ಸ್ವಾಮಿ?" ಅಂದ ಹಾಗಾಯಿತು. ಮಾತು ಬಿಟ್ಟ ಊರಲ್ಲಿ ಬದಲಾಗುತ್ತೆ, ಹೋದ ಊರಲ್ಲಿ ಹಾಗೇ ನಿಂತಿರುತ್ತೆ. ನಮ್ಮ ಸಂಕೇತಿಗಳ ಮಾತನ್ನು ಇವತ್ತಿನ ಚೆನ್ನೈಯವರಿಗೆ ಕೇಳಿಸಿ ನೋಡಿ, ಗೊತ್ತಾಗುತ್ತೆ.

ಮಲೆನಾಡ_ಮಳೆ · ಭಾನುವಾರ, ರಾತ್ರಿ 8:05

ಒಂದು ಸಂಶಯ. ಗೂಢಚಾರರು ಇರಬಹುದು ಅನ್ನೋ ಭಯ ಸರ್ಕಾರಕ್ಕೆ ಇದ್ದಿದ್ದು ಸಹಜ ಅಲ್ವಾ? ಯುದ್ಧಕಾಲ. ಬೈಯಬೇಡಿ, ಸುಮ್ನೆ ಕೇಳ್ತಿದ್ದೀನಿ.

ಅರಳೀಕಟ್ಟೆ · ಭಾನುವಾರ, ರಾತ್ರಿ 9:20

ಬೈಯಲ್ಲ. ಆದರೆ ಹವಾಯಿ ನೋಡಿ. ಬಾಂಬು ಬಿದ್ದದ್ದೇ ಅಲ್ಲಿ. ಅಲ್ಲಿನ ಜನರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು. ಅಲ್ಲಿ ಆಯ್ದ ಕೆಲವರನ್ನು ಹಿಡಿದರೇ ಹೊರತು ಎಲ್ಲರನ್ನೂ ಸಾಮೂಹಿಕವಾಗಿ ಕ್ಯಾಂಪಿಗೆ ತುಂಬಲಿಲ್ಲ. ತುಂಬಿದ್ದರೆ ಕಬ್ಬಿನ ಗದ್ದೆ, ಬಂದರು, ಎಲ್ಲಾ ನಿಂತು ಹೋಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಇವರ ಜಮೀನಿನ ಮೇಲೆ ಕಣ್ಣಿಟ್ಟವರು ಜಾಸ್ತಿ ಇದ್ದರು. 1983ರಲ್ಲಿ ಸರ್ಕಾರದ್ದೇ ಆಯೋಗ ವರದಿ ಕೊಟ್ಟಿತು: ಕಾರಣ ಜನಾಂಗದ್ವೇಷ, ಯುದ್ಧದ ಉನ್ಮಾದ, ನಾಯಕರ ಸೋಲು. ಸೇನೆಯ ಅಗತ್ಯ ಅಲ್ಲ.

ಇನ್ನೂ ಒಂದು. ಪರ್ಲ್ ಹಾರ್ಬರಿಗೆ ಒಂದು ತಿಂಗಳು ಮೊದಲೇ ಸೇನೆ ಸ್ಯಾನ್ ಫ್ರಾನ್ಸಿಸ್ಕೋದ ಹಳೇ ವಿಮಾನ ಕೊಟ್ಟಿಗೆಯಲ್ಲಿ ಗುಟ್ಟಾಗಿ ಜಪಾನಿ ಭಾಷಾ ಶಾಲೆ ಶುರು ಮಾಡಿತ್ತು. ಸೇನೆಯಲ್ಲಿದ್ದ ನಿಸೇ ಹುಡುಗರನ್ನು ಕರೆದು ಪರೀಕ್ಷೆ ಮಾಡಿದರೆ, ಚೆನ್ನಾಗಿ ಜಪಾನಿ ಬಲ್ಲವರು ನೂರಕ್ಕೆ ಬೆರಳೆಣಿಕೆ ಮಂದಿ. ಅಂದರೆ ಅವರು ಆಗಲೇ ಅಷ್ಟು ಅಮೆರಿಕನ್ ಆಗಿದ್ದರು. ಅದು ಸೇನೆಗೂ ಗೊತ್ತಿತ್ತು. ಆದರೂ ಜಪಾನಿಗಳು ಅಂತ ಕೂಡಿಹಾಕಿದರು.

1943ರಲ್ಲಿ ಕ್ಯಾಂಪಿನೊಳಗೆ ಒಂದು ಪ್ರಶ್ನಾವಳಿ ಹಂಚಿದರು. 27ನೇ ಪ್ರಶ್ನೆ: ಕರೆದ ಕಡೆ ಹೋಗಿ ಅಮೆರಿಕಕ್ಕಾಗಿ ಹೋರಾಡ್ತೀಯಾ? 28: ಅಮೆರಿಕಕ್ಕೆ ನಿಷ್ಠನಾಗಿದ್ದು ಜಪಾನ್ ಚಕ್ರವರ್ತಿಗೆ ವಿಧೇಯತೆ ಬಿಡ್ತೀಯಾ? ಇದರ ಕುತ್ತು ನೋಡಿ. ಇಸ್ಸೇ ಅಪ್ಪನಿಗೆ ಅಮೆರಿಕ ಪೌರತ್ವ ಕೊಡಲ್ಲ. ಜಪಾನನ್ನೂ ಬಿಟ್ಟರೆ ಅವನು ಯಾವ ದೇಶದವನೂ ಅಲ್ಲ. ನಿಸೇ ಮಗನಿಗೆ ಚಕ್ರವರ್ತಿಯ ಹಂಗೇ ಇರಲಿಲ್ಲ. "ಬಿಡ್ತೀನಿ" ಅಂದರೆ, ಇಷ್ಟು ದಿನ ಇತ್ತಾ ಹಾಗಾದರೆ? ಗಲಾಟೆಯಾದ ಮೇಲೆ ಇಸ್ಸೇಗಳಿಗೆ ಪ್ರಶ್ನೆ ತಿದ್ದಿದರು. ಅಷ್ಟರಲ್ಲಿ ಮನೆಗಳು ಒಡೆದಿದ್ದವು. ಎರಡಕ್ಕೂ ಇಲ್ಲ ಅಂದವರಿಗೆ "ನೋ-ನೋ ಬಾಯ್ಸ್" ಅಂತ ಹೆಸರಿಟ್ಟು ಟೂಲಿ ಲೇಕ್ ಕ್ಯಾಂಪಿಗೆ ಸಾಗಿಸಿದರು. ಹೌದು ಅಂದ ಎಷ್ಟೋ ಹುಡುಗರು ನಿಸೇಗಳದ್ದೇ ಆದ 442ನೇ ರೆಜಿಮೆಂಟಿಗೆ ಸೇರಿ ಇಟಲಿ, ಫ್ರಾನ್ಸಿನಲ್ಲಿ ಸತ್ತರು. ಅಪ್ಪ ಅಮ್ಮನಿಗೆ ಸಾವಿನ ತಂತಿ ಬಂದದ್ದು ಮುಳ್ಳುತಂತಿಯೊಳಗೆ.

ಈ ಎರಡು ಗುಂಪಿನವರು ಆಮೇಲೆ ಎಷ್ಟೋ ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ದೇವಸ್ಥಾನದಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರಂತೆ. ಇನ್ನು ಹಾರ್ಟ್ ಮೌಂಟನ್‌ನಲ್ಲಿ, ಮೊದಲು ನಮ್ಮ ಹಕ್ಕು ಕೊಡಿ, ಆಮೇಲೆ ಸೇನೆಗೆ ಬರ್ತೀವಿ ಅಂದ 63 ಹುಡುಗರು 1944ರಲ್ಲಿ ಜೈಲಿಗೆ ಹೋದರು. ಅವರ ಸಮುದಾಯದ ದೊಡ್ಡ ಸಂಘವಾದ ಜೆಎಸಿಎಲ್ ಆಗ ಇವರನ್ನು ದೂರವಿಟ್ಟಿತ್ತು. ಕ್ಷಮೆ ಕೇಳಿದ್ದು 2002ರಲ್ಲಿ. ನನಗೆ ಕೇಳಿದರೆ ಧೈರ್ಯ ಎರಡೂ ಕಡೆ ಇತ್ತು. ಆದರೆ ನನ್ನ ಮನಸ್ಸು ಆ 63 ಜನರ ಕಡೆಗೇ ವಾಲುತ್ತೆ.

ತಲೆಹರಟೆ · ಭಾನುವಾರ, ರಾತ್ರಿ 9:50

ಸರಿ, 28ನೇ ಪ್ರಶ್ನೆಯ ವಿಷಯ ನನಗೆ ಗೊತ್ತಿರಲಿಲ್ಲ. "ತಾನಾಗಿ ಹೋಯಿತು" ಅಂದದ್ದನ್ನು ವಾಪಸ್ ತಗೋತೀನಿ. "ಬೆರೆಯೋದು ತಪ್ಪಾ" ಅನ್ನೋದು ಹಾಗೇ ಇರಲಿ.

ಬೇಏರಿಯಾ_ಭಟ್ಟ · ಸೋಮವಾರ, ಬೆಳಿಗ್ಗೆ 7:30

ಇಲ್ಲಿರುವ ಅರ್ಧ ಜನ ವರ್ಷಕ್ಕೊಮ್ಮೆಯಾದರೂ ಸ್ಯಾನ್ ಹೊಸೆ ವಿಮಾನ ನಿಲ್ದಾಣದಲ್ಲಿ ಅಪ್ಪ ಅಮ್ಮನ ಸೂಟ್‌ಕೇಸ್ ಹೊತ್ತಿರ್ತೀರಿ. ಅದರ ಬೋರ್ಡ್ ಓದಿದ್ದೀರಾ? ನಾರ್ಮನ್ ಮಿನೆಟಾ. ನಿಮ್ಮ ಅಜ್ಜನ ಅಪ್ಪ ಅಮ್ಮನಂತೆ ಅವರೂ ಹಾರ್ಟ್ ಮೌಂಟನ್ನಿನವರು. ಹತ್ತು ವರ್ಷದ ಹುಡುಗ, ಕಬ್ ಸ್ಕೌಟ್ ಸಮವಸ್ತ್ರ ಹಾಕಿಕೊಂಡು, ಬೇಸ್‌ಬಾಲ್ ಬ್ಯಾಟ್ ಹಿಡಿದು ರೈಲು ಹತ್ತಲು ಬಂದ. ಇದು ಆಯುಧ ಅಂತ ಸೈನಿಕರು ಬ್ಯಾಟ್ ಕಿತ್ತುಕೊಂಡರು. ಅದೇ ಹುಡುಗ 1971ರಲ್ಲಿ ಸ್ಯಾನ್ ಹೊಸೆಯ ಮೇಯರ್ ಆದ. ಆಮೇಲೆ ಸಂಸದ. 1988ರ ಕ್ಷಮಾಪಣೆಯ ಕಾನೂನಿಗೆ ಹೆಗಲು ಕೊಟ್ಟವರಲ್ಲಿ ಅವರೊಬ್ಬರು. ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್, ಜೊತೆಗೆ ಕ್ಷಮೆ ಕೇಳಿದ ಕಾಗದ. ಆದರೆ ಅಷ್ಟು ಹೊತ್ತಿಗೆ ಇಸ್ಸೇಗಳಲ್ಲಿ ಹೆಚ್ಚಿನವರು ಹೋಗಿಬಿಟ್ಟಿದ್ದರು.

ನಮಗೆ ಸಂಬಂಧಿಸಿದ್ದು ಇಲ್ಲಿದೆ. 2001ರ ಸೆಪ್ಟೆಂಬರ್ 11ರಂದು ಸಾರಿಗೆ ಸಚಿವರಾಗಿದ್ದವರು ಇದೇ ಮಿನೆಟಾ. ಬಣ್ಣ, ಹೆಸರು ನೋಡಿ ಪ್ರಯಾಣಿಕರನ್ನು ತಡೆಯಬಾರದು ಅಂತ ಪಟ್ಟು ಹಿಡಿದರು. ಆ ವರ್ಷ ನಾನು ಇಲ್ಲೇ ವಿದ್ಯಾರ್ಥಿ. ಗಡ್ಡ ಬೋಳಿಸಿಕೊಂಡು ವಿಮಾನ ಹತ್ತಿದವನು. ಅವರು ಯಾರು ಅಂತಲೂ ಆಗ ನನಗೆ ಗೊತ್ತಿರಲಿಲ್ಲ.

ಗೀತಾ_ಚಿಕಾಗೋ · ಸೋಮವಾರ, ಬೆಳಿಗ್ಗೆ 9:00

ಆ ಕಾನೂನಿಗಿಂತ ಮೊದಲು ನಡೆದ ವಿಚಾರಣೆ ನನಗೆ ಮುಖ್ಯ ಅನ್ನಿಸುತ್ತೆ. 1981ರಲ್ಲಿ ಬೇರೆ ಬೇರೆ ಊರುಗಳಲ್ಲಿ 750ಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ನಲವತ್ತು ವರ್ಷ ತುಟಿ ಬಿಚ್ಚದವರು. ಅವರಲ್ಲಿ "ಗಾಮಾನ್" ಅಂತ ಒಂದು ಪದ ಇದೆ. ಹಲ್ಲು ಕಚ್ಚಿ ಸಹಿಸೋದು. "ಶಿಕಾತಾ ಗಾ ನಾಯ್" ಅಂತ ಇನ್ನೊಂದು. ನಮ್ಮಜ್ಜಿ "ಏನ್ ಮಾಡಕ್ಕಾಗುತ್ತೆ ಬಿಡು" ಅಂತ ಸೆರಗು ಕೊಡವಿ ಏಳುತ್ತಿದ್ದಳಲ್ಲ, ಅದೇ. ಭಾಷೆ ಬಾರದ ಮೊಮ್ಮಕ್ಕಳಿಗೂ ಈ ಎರಡು ಪದ ಗೊತ್ತು. ಸಭಾಂಗಣದಲ್ಲಿ ಕೂತಿದ್ದ ಎಷ್ಟೋ ಮಕ್ಕಳು ತಮ್ಮ ಅಪ್ಪ ಅಮ್ಮನ ಕಥೆಯನ್ನು ಮೊದಲ ಸಲ ಕೇಳಿದ್ದು ಮೈಕಿನಲ್ಲಿ, ಅಪರಿಚಿತರ ಜೊತೆ ಕೂತು.

ಮಲೆನಾಡ_ಮಳೆ · ಸೋಮವಾರ, ಬೆಳಿಗ್ಗೆ 10:15

ಊಟದ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಭಾಷೆ ಹೋದರೂ ನಾಲಿಗೆ ಉಳಿಯುತ್ತೆ ಅಂತಾರೆ.

ಅರಳೀಕಟ್ಟೆ · ಸೋಮವಾರ, ಬೆಳಿಗ್ಗೆ 11:40

ಉಳಿದಿದೆ. ಡಿಸೆಂಬರಿನಲ್ಲಿ ಎಲ್ಲರೂ ಸೇರಿ ಅಕ್ಕಿ ಬೇಯಿಸಿ, ಒನಕೆಯಂಥ ಕೊಡತಿಯಿಂದ ಕುಟ್ಟಿ ಮೋಚಿ ಮಾಡ್ತಾರೆ. ಹವಾಯಿಯಲ್ಲಿ ಡಬ್ಬಿ ಮಾಂಸದ ತುಂಡನ್ನು ಅನ್ನದ ಮೇಲಿಟ್ಟು ಕಡಲಪಾಚಿ ಸುತ್ತಿ ಪೆಟ್ರೋಲ್ ಬಂಕಿನಲ್ಲೂ ಮಾರ್ತಾರೆ.

ಆದರೆ ಊಟದ ಪಂಕ್ತಿಯೇ ಕ್ಯಾಂಪಿನಲ್ಲಿ ಮುರಿಯಿತು. ಗಂಟೆ ಬಾರಿಸಿದರೆ ನೂರಾರು ಜನ ತಟ್ಟೆ ಹಿಡಿದು ಸಾಲು. ಮಕ್ಕಳು ಗೆಳೆಯರ ಜೊತೆ ಓಡಿದರು. ಅಪ್ಪ ಒಂದು ಮೂಲೆ, ಅಮ್ಮ ಒಂದು ಮೂಲೆ. ಮನೆಯೂಟ ಅನ್ನೋದೇ ಮೂರು ವರ್ಷ ಇಲ್ಲ. ಶುರುವಿನಲ್ಲಿ ಬಡಿಸುತ್ತಿದ್ದ ಬಿಳಿಯರಿಗೆ ಜಪಾನಿಗಳು ಅನ್ನ ಹೇಗೆ ತಿನ್ನುತ್ತಾರೆ ಅಂತ ಗೊತ್ತಿರಲಿಲ್ಲ. ಮ್ಯಾಂಜನಾರ್ ಕ್ಯಾಂಪಿನಲ್ಲಿ ಬಿಸಿ ಅನ್ನದ ಮೇಲೆ ಡಬ್ಬಿಯ ಏಪ್ರಿಕಾಟ್ ಹಣ್ಣನ್ನು ಸಕ್ಕರೆ ಪಾಕದ ಸಮೇತ ಸುರಿದರಂತೆ. ನಾವಾದರೆ ಸೀಕರಣೆ ಅಂದುಕೊಂಡು ತಿಂದುಬಿಡ್ತಿದ್ದೆವು. ಜಪಾನಿಗಳಿಗೆ ಬಿಳಿ ಅನ್ನದ ಮೇಲೆ ಸಿಹಿ ಅಂದರೆ ಹೊಟ್ಟೆ ತೊಳಸುತ್ತೆ.

ಸೋಮು_ಸ್ಯಾನ್‌ಹೊಸೆ · ಶನಿವಾರ, ಸಂಜೆ 5:25

ವಾರವೆಲ್ಲಾ ಓದಿದೆ. ಎಲ್ಲರಿಗೂ ಥ್ಯಾಂಕ್ಸ್. ಅರಳೀಕಟ್ಟೆಯವರ ಕೊನೆಯ ಮಾತು ಓದಿದಾಗಿನಿಂದ ಬೇಲಿಯಾಚೆ ಮರ ನೋಡಿದರೆ ಏನೋ ಆಗುತ್ತಿತ್ತು.

ಇವತ್ತು ಅಜ್ಜನೇ ಕರೆದರು. ಹಣ್ಣು ಬಿದ್ದು ಹಾಳಾಗ್ತಿದೆ, ಏಣಿ ಹತ್ತಿ ಕೀಳು ಅಂದರು. ನಾನು ಮೇಲೆ, ಮಗಳು ಕೆಳಗೆ ಬುಟ್ಟಿ ಹಿಡಿದು. ಮರ ಅವರಮ್ಮ ನೆಟ್ಟದ್ದಂತೆ. ಪ್ರತಿ ವರ್ಷ ಜಾಮ್ ಮಾಡಿ ಬೀದಿಗೆಲ್ಲ ಹಂಚುತ್ತಿದ್ದರಂತೆ. ತಾವು ಮಾತ್ರ ಒಂದು ಚಮಚವೂ ಬಾಯಿಗೆ ಹಾಕುತ್ತಿರಲಿಲ್ಲ. "ಯಾಕಮ್ಮಾ?" ಅಂದರೆ "ನಂದು ತಿಂದಾಗಿದೆ" ಅನ್ನುತ್ತಿದ್ದರಂತೆ. ಅಜ್ಜ ಇದನ್ನು ನಗುತ್ತಾ ಹೇಳಿದರು. ಮ್ಯಾಂಜನಾರಿನ ಅನ್ನದ ಕಥೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಅವರಮ್ಮ ಇದ್ದದ್ದು ಬೇರೆ ಕ್ಯಾಂಪು. ನಾನು ಯಾರು ಅದನ್ನು ಜೋಡಿಸೋಕೆ?

ಜುಲೈನಲ್ಲಿ ಇಲ್ಲಿಯ ಜಪಾನ್‌ಟೌನಿನಲ್ಲಿ ಓಬೋನ್. ಸತ್ತ ಹಿರಿಯರ ಹಬ್ಬ, ನಮ್ಮ ಪಿತೃಪಕ್ಷದ ಹಾಗೆ, ಆದರೆ ಬೀದಿಯಲ್ಲಿ ಸುತ್ತು ಕಟ್ಟಿ ಕುಣೀತಾರೆ. ಅದರಲ್ಲಿ ಒಂದು ಕುಣಿತ ಕಲ್ಲಿದ್ದಲು ಗಣಿಯವರದ್ದು. ಅಗೆಯೋದು, ಹೆಗಲ ಮೇಲೆ ಎಸೆಯೋದು, ಹಣೆಗೆ ಕೈಯಿಟ್ಟು ನೋಡೋದು. ಅಜ್ಜ ಏಣಿ ಪಕ್ಕದಲ್ಲೇ ನಿಂತು ಮಗಳಿಗೆ ಕಲಿಸಿದರು. ಹಾಡಿನ ಅರ್ಥ ಗೊತ್ತಿಲ್ಲ, ಕೈಗೆ ಗೊತ್ತು ಅಂದರು.

ಹೊರಡುವಾಗ ಕೇಳಿದರು, "ಏಪ್ರಿಕಾಟಿಗೆ ಜಪಾನಿಯಲ್ಲಿ ಏನಂತಾರೆ? ಅಮ್ಮ ಏನೋ ಅನ್ನುತ್ತಿದ್ದಳು, ಮರೆತಿದೆ."

"ಅಂಝು" ಅಂದೆ.

ಎರಡು ಸಲ ಹೇಳಿ ನೋಡಿದರು. ಅದೇ ಇರಬಹುದು ಅಂದರು. ಮಾರ್ಕರ್ ತಂದು ಕಾಗದದ ಚೀಲದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಮಗಳು ಸುಮ್ಮನಿರಲಿಲ್ಲ. ಕನ್ನಡದಲ್ಲಿ ಏನಪ್ಪಾ ಅಂತ ಕೇಳಿದಳು. ಅದನ್ನೂ ಇಂಗ್ಲಿಷಿನಲ್ಲೇ ಕೇಳಿದಳು ಅನ್ನಿ.

ಜರ್ದಾಳು ಅಂತಾರಾ? ಅದು ಒಣಗಿದ್ದಕ್ಕೆ ಮಾತ್ರನಾ? ಮನೆಯಲ್ಲಿ ಹನ್ನೆರಡು ಕೆಜಿ ಹಣ್ಣಿದೆ. ಜಾಮ್ ಮಾಡೋದು ಗೊತ್ತಿರೋರು ಬೇಗ ಹೇಳಿ.